ಲೋಗೋದ ಕೆಳಗಿನ ಪ್ರಾರ್ಥನೆ

ಮಾರಾಯ್ರೆ, ಇವತ್ತು ನನ್ನ ಕೆಲಸ ಹೋಯಿತು ಅಂತಲೇ ಎಣಿಸಿದ್ದೆ.

ಬೈಕಂಪಾಡಿಯ ನಮ್ಮ ಐಸ್ ಪ್ಲಾಂಟಿನ ಇಮೇಲಿಗೆ ಹೊಸ ಟೆಂಪ್ಲೇಟ್ ಮಾಡಿಸಿದ್ದೇವೆ. ಮೇಲೆ ನೀಲಿ ಮೀನಿನ ಲೋಗೋ, ಚಂದ ಉಂಟು. ಕೆಳಗೆ ಮಾತ್ರ 'ಲೋರೆಮ್ ಇಪ್ಸಮ್' ಅಂತ ಎರಡು ಸಾಲು. ಎಂಟನೇ ಕ್ಲಾಸಿನಲ್ಲಿ ಶಾಲೆ ಬಿಟ್ಟವಳು ನಾನು, ಅದು ಯಾವ ಇಂಗ್ಲಿಷೋ ಗೊತ್ತಾಗಲಿಲ್ಲ. ಬಿಲ್ ಮಾಡುವ ಪ್ರೆಸಿಲ್ಲಾ ಬಾಯಿಯವರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ, "ಇದು ಲ್ಯಾಟಿನ್. ಅಜ್ಜಿಯ ಕಾಲದಲ್ಲಿ ಇಗರ್ಜಿಯಲ್ಲಿ ಪಾದ್ರಿಗಳು ಪ್ರಾರ್ಥನೆ ಹೀಗೇ ಹೇಳ್ತಿದ್ರಂತೆ" ಅಂದರು. ಡಿಸೈನ್ ಮಾಡಿದ ಮೆಲ್ವಿನ್ ಭಕ್ತಿಯಿಂದ ಹಾಕಿರಬೇಕು. ದೇವರ ಮಾತು ಅಳಿಸುವುದು ಹೇಗೆ? ಹಾಗೆಯೇ ಎಲ್ಲ ಗಿರಾಕಿಗಳಿಗೆ ಇಮೇಲ್ ಕಳಿಸಿಬಿಟ್ಟೆ.

ಮಧ್ಯಾಹ್ನ ಧಣಿ ಕರೆದರು. "ಕೆಳಗೆ ಎಂತ ಮಾರಾಯ್ತಿ ಇದು?"

"ಪ್ರಾರ್ಥನೆ, ಧಣಿಗಳೇ" ಅಂದೆ.

ಅವರು ಆ ಎರಡು ಸಾಲು ಮತ್ತೊಮ್ಮೆ ಓದಿ, "ಇರಲಿ. ಅದರ ಮೇಲೆ ನಮ್ಮ ದೈವದ್ದೂ ಒಂದು ಸಾಲು ಹಾಕು. ಇಲ್ಲದಿದ್ರೆ ಬೇಜಾರಾದೀತು" ಅಂದರು.

ಯಾರಿಗೆ ಬೇಜಾರು ಅಂತ ಕೇಳುವ ಧೈರ್ಯ ನನಗಿಲ್ಲ.

ಸಂಜೆ ಇಮೇಲ್ ನೋಡಿ ಮೆಲ್ವಿನ್ ಫೋನ್ ಮಾಡಿದ. "ಅಕ್ಕಾ, ಅದು ಸುಮ್ಮನೆ ಜಾಗ ತುಂಬಿಸಲಿಕ್ಕೆ ಹಾಕುವುದು. ಅರ್ಥ ಎಂತದೂ ಇಲ್ಲ. ಅದನ್ನು ಅಳಿಸಿ ನಿಮ್ಮ ಅಡ್ರೆಸ್ ಹಾಕಬೇಕಿತ್ತು!"

ಅಳಿಸಲಿಕ್ಕೆ ಕೂತೆ. ಅಷ್ಟರಲ್ಲಿ ಉಳ್ಳಾಲದ ಮೀನು ವ್ಯಾಪಾರಿ ಹಮೀದಾಕನ ಉತ್ತರ ಬಂತು: "ಆಮೀನ್. ನಾಳೆ ಒಂದು ಲೋಡ್ ಐಸ್ ಕಳಿಸಿ."

ಹೊಸ ಟೆಂಪ್ಲೇಟಿಗೆ ಬಂದ ಮೊದಲ ಆರ್ಡರ್. ಇನ್ನು ಅದನ್ನು ಅಳಿಸಲಿಕ್ಕೆ ಯಾರಿಗೆ ಧೈರ್ಯ ಉಂಟು, ಹೇಳಿ?