ಕಾಕುವಿನ ಬಾಗಿಲ ಮುಂದಿನ ನವಿಲು

ಮೊನ್ನೆ ಸದಾಶಿವನಗರದ ನಮ್ಮ ಮನೆಯ ಗೇಟಿಗೆ ಬಣ್ಣ ಹಚ್ಚುವವರು ಬಂದಿದ್ದರು. ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಆಯಿಲ್ ಪೇಂಟಿನ ವಾಸನೆ ಅಡುಗೆಮನೆಯವರೆಗೂ ನುಗ್ಗಿತು. ನಾನು ಎದ್ದು ಹಿತ್ತಲಿಗೆ ಹೋಗಿ ಕುಳಿತೆ. ಆ ವಾಸನೆಗೆ ನನಗೆ ಖಾನಾಪುರದ ಎದುರುಮನೆಯ ಕಾಕು ನೆನಪಾಗುತ್ತಾರೆ, ಅವರ ಹಿಂದೆಯೇ ನಾಚಿಕೆಯೂ ಬರುತ್ತದೆ...

ಎರಡು ಸಾವಿರದ ಇಸವಿಯ ಆಸುಪಾಸು. ನಾನು ಆ ಓಣಿಗೆ ಹೊಸ ಸೊಸೆ. ಓಣಿಗೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಆಗಿದ್ದ ಅವರಿಗೆ ಎಪ್ಪತ್ತು ದಾಟಿತ್ತು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಬೆಳಗಾವಿಯ ಮಹಾಂತೇಶ ನಗರದಲ್ಲಿದ್ದ ತಮ್ಮನ ಮಗ ಬಂದಾಗಲೆಲ್ಲ ನಮ್ಮ ಮನೆಗೆ ಬಂದುಬಿಡಿ ಎನ್ನುತ್ತಿದ್ದರು. ಕಾಕು ಅವರ ಕೈಗೆ ಉಂಡಿ ಕಟ್ಟಿಕೊಟ್ಟು ಸಾಗಹಾಕುತ್ತಿದ್ದರು. ತಮ್ಮ ಒಲೆ, ತಮ್ಮ ಚಹಾ, ಮಧ್ಯಾಹ್ನ ಓಣಿಯ ಹೆಂಗಸರ ಜೊತೆ ಕನ್ನಡ ಮರಾಠಿ ಕಲಸಿದ ಹರಟೆ, ಇದನ್ನು ಬಿಟ್ಟು ಹೋಗುವ ಮಾತೇ ಇರಲಿಲ್ಲ. ಕೊನೆಗೆ ತಮ್ಮನ ಮಗನೂ ಓಣಿಯ ಮೇಲೆ ಭಾರ ಹಾಕಿ ಸುಮ್ಮನಾದರು.

ಓಣಿ ಕಾಕುವನ್ನು ಕಾಯುತ್ತಿದ್ದ ರೀತಿ ಯಾರೂ ಕೂತು ಮಾತಾಡಿ ಮಾಡಿದ್ದಲ್ಲ. ಕಾಕು ದಿನಾ ಬೆಳಿಗ್ಗೆ ಬಾಗಿಲ ಮುಂದೆ ರಂಗೋಲಿ ಎಳೆಯುತ್ತಿದ್ದರು. ರಂಗೋಲಿ ಬಿತ್ತೆಂದರೆ ಕಾಕು ಎದ್ದಿದ್ದಾರೆ, ಆರಾಮಿದ್ದಾರೆ. ಬಿಸಿಲೇರಿದರೂ ಬೀಳದಿದ್ದರೆ ನಮ್ಮತ್ತೆಯೋ ಬಾಜು ಮನೆಯವರೋ ಹೋಗಿ ಬಾಗಿಲು ಬಡಿಯುತ್ತಿದ್ದರು. ಒಮ್ಮೆ ಜ್ವರ ಬಂದು ಮಲಗಿದ್ದು ಹಾಗೆಯೇ ಗೊತ್ತಾಗಿತ್ತು. ಇದೆಲ್ಲ ನನಗೆ ತಿಳಿದಿತ್ತು. ತಿಳಿದೂ ತಲೆಗೆ ಹೋಗಿರಲಿಲ್ಲ.

ಒಂದು ಬೆಳಿಗ್ಗೆ ರಂಗೋಲಿ ಹಾಕುವಾಗ ಕಾಕು ತಲೆ ತಿರುಗಿ ಅಲ್ಲೇ ಕುಸಿದು ಕುಳಿತರು. ಓಡಿಹೋಗಿ ಎಬ್ಬಿಸಿದವಳು ನಾನು. ಇನ್ನು ಬಗ್ಗುವುದೇ ಬೇಡ, ಬಾಗಿಲ ಮುಂದಿನ ಫರಸಿ ಕಲ್ಲಿನ ಮೇಲೆ ಆಯಿಲ್ ಪೇಂಟಿನಲ್ಲಿ ಒಮ್ಮೆ ಬರೆದುಬಿಡುತ್ತೇನೆ, ವರ್ಷಗಟ್ಟಲೆ ಇರುತ್ತದೆ ಎಂದೆ. ನನ್ನ ಕೈಚಳಕ ತೋರಿಸುವ ಹುಕಿಯೂ ಇತ್ತು, ಸುಳ್ಳೇಕೆ ಹೇಳಲಿ. ಕಾಕು ಹಿಂದೆಮುಂದೆ ನೋಡಿದರು.

“ದಿನಾ ಹಾಕಿದ್ರ ಅಲ್ಲೇನವಾ ಅದು ರಂಗೋಲಿ?”

“ಬಿದ್ದು ಕೈಕಾಲು ಮುರ್ಕೊಂಡ್ರ ಯಾರ ನೋಡ್ತಾರ್ರಿ ಕಾಕು?” ಎಂದು ಅವರ ಬಾಯಿ ಮುಚ್ಚಿಸಿದೆ.

ದಸರೆಯ ಹೊತ್ತಿಗೆ ಕಮಲಗಳ ನಡುವೆ ದೊಡ್ಡದೊಂದು ನವಿಲು ಬರೆದೆ. ಓಣಿಯೆಲ್ಲ ಬಂದು ಹೊಗಳಿತು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಾಕು ಎದ್ದರೋ ಇಲ್ಲವೋ ಎಂದು ಇನ್ನು ಆ ಬಾಗಿಲು ಹೇಳುವುದಿಲ್ಲವೆಂದು ಒಬ್ಬರಿಗೂ ಹೊಳೆಯಲಿಲ್ಲ.

ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ಕಾಕು ಬಚ್ಚಲಲ್ಲಿ ಜಾರಿ ಬಿದ್ದರು. ಏಳಲಾಗಲಿಲ್ಲ. ಅವತ್ತು ಸಂತೆಗೆ ಹೋಗುವಾಗ ನಾನು ಆ ಬಾಗಿಲು ದಾಟಿದೆ. ಬರುವಾಗ ಚೀಲ ಕೆಳಗಿಟ್ಟು, ನವಿಲುಗರಿಯ ನೀಲಿ ಇನ್ನೂ ಹೇಗೆ ಹೊಳೆಯುತ್ತಿದೆ ಎಂದು ನಿಂತು ನೋಡಿದೆ. ಬಚ್ಚಲು ಬೀದಿಯ ಗೋಡೆಗೆ ಅಂಟಿಕೊಂಡೇ ಇತ್ತು. ಅದರ ಆಚೆ ಕಾಕು ತಣ್ಣನೆಯ ಕಲ್ಲಿನ ಮೇಲೆ... ಮಧ್ಯಾಹ್ನ ಹರಟೆಗೆ ಬಾರದಿದ್ದಾಗ ಚಳಿಗೆ ಮುದುಡಿ ಮಲಗಿರಬೇಕು ಎಂದುಕೊಂಡೆವು. ಮುಸ್ಸಂಜೆಗೆ ದೀಪ ಕಾಣಲಿಲ್ಲವೆಂದು ಅತ್ತೆ ಹಿತ್ತಲ ಬಾಗಿಲಿನಿಂದ ಹೋಗಿ ನೋಡಿದರು. ಸೊಂಟದ ಎಲುಬು ಮುರಿದಿತ್ತು.

ತಮ್ಮನ ಮಗ ಬಂದು ದವಾಖಾನೆಯಿಂದ ನೇರ ತಮ್ಮ ಮನೆಗೇ ಕರೆದೊಯ್ದರು. ನಿಮ್ಮೆಲ್ಲರ ಭರವಸೆಯ ಮೇಲೆ ಬಿಟ್ಟಿದ್ದೆ ಎಂದಷ್ಟೇ ಅಂದರು. ಅತ್ತೆ ನನ್ನ ಕಡೆ ನೋಡಿದರು. ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು.

ಕೆಲವು ವಾರ ಕಳೆದು, ತಪ್ಪೊಪ್ಪಿಕೊಳ್ಳಲೆಂದೇ ಮಹಾಂತೇಶ ನಗರಕ್ಕೆ ಹೋದೆ. ಮಹಡಿಯ ಕೋಣೆಯ ಮಂಚದ ಮೇಲೆ ಕಾಕು ಸೊರಗಿ ಇಷ್ಟೇ ಇಷ್ಟಾಗಿದ್ದರು. ನಾನು ಮಾತು ತೆಗೆಯುವ ಮೊದಲೇ ಅವರು ನನ್ನ ಕೈ ಹಿಡಿದುಕೊಂಡರು.

“ತಪ್ಪು ನಂದ ಐತಿ ನೋಡವಾ. ನೀ ಬಾಗಲದಾಗ ಬಂದು ನಿಂತಿದ್ದು ಗೆಜ್ಜಿ ಸಪ್ಪಳಕ್ಕ ಗೊತ್ತಾಗಿತ್ತು. ಮೈಮ್ಯಾಲೆ ಸೀರಿ ಇರಲಿಲ್ಲ... ನಾಚಿಕ್ಯಾಗಿ ಕೂಗಲಿಲ್ಲ.”

ಕೊಟ್ಟ ಚಹಾ ಕುಡಿದೆ, ಎದ್ದು ಬಂದೆ.

ಕಾಕು ಖಾನಾಪುರಕ್ಕೆ ಮರಳಲೇ ಇಲ್ಲ. ಬೀಗ ಬಿದ್ದ ಮನೆಯ ಮುಂದೆ ಆ ನವಿಲು ಮಾತ್ರ ಮಳೆಗಾಲಗಳನ್ನು ತಾಳಿಕೊಂಡು ಉಳಿಯಿತು. ಗೊತ್ತಿಲ್ಲದವರು ಬೀಗ ಗಮನಿಸದೆ ಅದನ್ನಷ್ಟೇ ನೋಡಿ, ಒಳಗೆ ಯಾರೋ ಇದ್ದಾರೆಂದು ಕೂಗಿ ಕರೆಯುತ್ತಿದ್ದರು. ಈಗ ಅಲ್ಲಿ ಬೇರೆ ಮನೆ ಎದ್ದಿದೆ, ಕಾಕು ತೀರಿಕೊಂಡೂ ಬಹಳ ವರ್ಷಗಳಾದವು. ನನ್ನ ತಪ್ಪನ್ನು ಅವರು ತಮ್ಮದೆಂದು ತಿಳಿದುಕೊಂಡೇ ಹೋದರು. ನಾನು ಹಾಗೆಯೇ ಹೋಗಗೊಟ್ಟೆ.