ಹಕ್ಕಿ ತಂಡದ ಪರವಾಗಿ

ಕುರ್ಚಿಗಳು ನೀಲಿ ಇದ್ದವು ಎಂದು ಬರೆದು ಹೊಡೆದುಹಾಕಿದ್ದೇನೆ. ಹಸಿರು ಇದ್ದಿರಲೂಬಹುದು. ಕಿಟಕಿ ಎಡಗಡೆಗಿತ್ತೋ ಬಲಗಡೆಗೋ ಅದೂ ಗೊತ್ತಿಲ್ಲ. ವಾರಕ್ಕೆ ಮೂರು ಸಲ ಹ್ಯಾರೋದ ಮನೆಯಿಂದ ಅವ್ವನನ್ನು ಕಾರಿನಲ್ಲಿ ಕೂರಿಸಿಕೊಂಡು ಗ್ರೀನ್‌ಫರ್ಡಿನ ಡಯಾಲಿಸಿಸ್ ಕೇಂದ್ರಕ್ಕೆ ಹೋಗುತ್ತಿದ್ದೆ ಎಂಬುದಂತೂ ನಿಜ. ಸುತ್ತ ಗೋದಾಮುಗಳು. ಅವುಗಳಲ್ಲೊಂದರಲ್ಲಿ ಅವ್ವ ಮೊದಲು ಸ್ಯಾಂಡ್‌ವಿಚ್ ಪ್ಯಾಕ್ ಮಾಡುತ್ತಿದ್ದಳು. ಧಾರವಾಡದಿಂದ ಮದುವೆಯಾಗಿ ಇಂಗ್ಲೆಂಡಿಗೆ ಬಂದವಳು ಇಂಗ್ಲಿಷ್ ಕಲಿತದ್ದು ಅಲ್ಲೇ. ಆ ಇಂಗ್ಲಿಷಿನಲ್ಲಿ ಅವಳು ಜಗಳವಾಡಬಲ್ಲಳು, ಚೌಕಾಸಿ ಮಾಡಬಲ್ಲಳು. ಡಾಕ್ಟರರ ಇಂಗ್ಲಿಷಿಗೆ ಮಾತ್ರ ನಾನು ಬೇಕಿತ್ತು.

ಅವಳ ತೋಳಿನಿಂದ ರಕ್ತ ಕೊಳವೆಯಲ್ಲಿ ಯಂತ್ರಕ್ಕೆ ಹೋಗಿ, ತೊಳೆದುಕೊಂಡು, ಇನ್ನೊಂದು ಕೊಳವೆಯಲ್ಲಿ ವಾಪಸು ಬರಬೇಕು. ನಾಲ್ಕು ತಾಸು ಅಲುಗಾಡುವ ಹಾಗಿಲ್ಲ. ಅವಳ ಒಂದು ಪಕ್ಕದಲ್ಲಿ ನಿವೃತ್ತ ಬಸ್ ಡ್ರೈವರ್, ಜಮೈಕಾದವರು. ಇನ್ನೊಂದು ಪಕ್ಕದಲ್ಲಿ ಗುಜರಾತಿ ಅಂಗಡಿಯವರು. ಅವ್ವ ಅವರೊಡನೆ ಹಿಂದಿಯಲ್ಲಿ ಮಾತಾಡುತ್ತಿದ್ದಳು, ಭಾಯಿ ಎನ್ನುತ್ತಿದ್ದಳು. ಗೋಡೆಯ ಟಿವಿಯಲ್ಲಿ ಸೋಮವಾರ ಬೆಳಿಗ್ಗೆ ಹಿಂದಿನ ಸಂಜೆಯ ಅಮೆರಿಕನ್ ಫುಟ್‌ಬಾಲ್ ಮತ್ತೆ ಬರುತ್ತಿತ್ತು. ಡ್ರೈವರಿಗೆ ಅದರ ಹುಚ್ಚು. ಅವರ ಅಕ್ಕ ಅಮೆರಿಕದಲ್ಲಿದ್ದಳಂತೆ. ಮಿಕ್ಕ ಇಬ್ಬರಿಗೆ ತಲೆ ತಿರುಗಿಸಲು ಬೇರೆ ಜಾಗವಿರಲಿಲ್ಲ.

ಆಟ ಶುರುವಾದದ್ದು ಯಾರಿಂದ ಎಂದು ಕೇಳಿದರೆ ಡ್ರೈವರಿಂದ ಅನ್ನುತ್ತೇನೆ. ಅವರಿದ್ದಿದ್ದರೆ ಅವ್ವನಿಂದ ಅನ್ನುತ್ತಿದ್ದರೋ ಏನೋ. ಆ ಲೀಗಿನಲ್ಲಿ ಮೂವತ್ತೆರಡು ತಂಡ, ಅರ್ಧಕ್ಕರ್ಧ ದಂಡ, ನಾವೇ ಸರಿಮಾಡೋಣ ಎಂದರು ಅವರು. ವಾರಕ್ಕೊಂದು ತಂಡವನ್ನು ಹೊರಗೆ ಹಾಕಬೇಕು, ಹೆಸರು ಹೇಳುವ ಪಾಳಿ ವಾರಕ್ಕೊಬ್ಬರದು. ಇಷ್ಟವಿಲ್ಲ ಅನ್ನುವುದು ಕಾರಣವಲ್ಲ. ಹೊರಗೆ ಹಾಕುವ ಮುಂಚೆ ಆ ತಂಡದ ಪರವಾಗಿ ಒಬ್ಬರಾದರೂ ಮಾತಾಡಬೇಕು. ಆಮೇಲೆ ಮೂವರ ಓಟು.

ಅವ್ವನಿಗೆ ತಂಡಗಳ ಹೆಸರು ನಾಲಿಗೆಗೆ ಹತ್ತಲಿಲ್ಲ. ಹೆಲ್ಮೆಟ್ಟಿನ ಮೇಲಿನ ಚಿತ್ರ ನೋಡಿ ಅವಳೇ ಹೆಸರಿಟ್ಟಳು: ಕೊಂಬಿನವರು, ಕುದುರೆಯವರು, ಹಕ್ಕಿಯವರು. ಹಕ್ಕಿಯವರು ಯಾವಾಗಲೂ ಸೋಲುತ್ತಿದ್ದರು. ಆ ಲೀಗಿನಲ್ಲಿ ಹಕ್ಕಿಯ ಚಿತ್ರವಿರುವ ತಂಡ ಒಂದಲ್ಲ, ಹಲವು ಎಂದು ನನಗೆ ತಿಳಿದದ್ದು ತೀರಾ ಈಚೆಗೆ. ಯಾವ ಹಕ್ಕಿ ಸೋತರೂ ಅವ್ವ ಅದನ್ನು ಒಂದೇ ತಂಡದ ಲೆಕ್ಕಕ್ಕೆ ಹಾಕುತ್ತಿದ್ದಳೇನೋ. ಗೆದ್ದ ಹಕ್ಕಿಗಳು ಅವಳ ಕಣ್ಣಿಗೆ ಬೀಳಲೇ ಇಲ್ಲವೇನೋ.

ಅಂಗಡಿಯವರು ಮೊದಲ ವಾರವೇ ಹಕ್ಕಿಯವರನ್ನು ತೆಗೆಯಲು ಹೊರಟಿದ್ದರು. ಇಂಗ್ಲೆಂಡಿನ ಫುಟ್‌ಬಾಲಿನಲ್ಲಿ ತಳದಲ್ಲಿದ್ದವರು ಕೆಳಗಿನ ಲೀಗಿಗೆ ಬೀಳುತ್ತಾರೆ, ಅಮೆರಿಕದವರು ಮಾತ್ರ ಎಷ್ಟು ಸೋತರೂ ಹಾಗೇ ಕೂತಿರುತ್ತಾರೆ, ಇದೆಂಥ ನ್ಯಾಯ ಎಂದು ಅವರ ವಾದ. "ನಡೆಯದ ಅಂಗಡಿಯ ಶಟರ್ ಎಳೀಬೇಕು, ಬೆಹೆನ್."

ಡ್ರೈವರ್ ನಕ್ಕು ಇನ್ನೊಂದು ವಿಷಯ ಹೇಳಿದರು. ಅಲ್ಲಿ ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೆ ಮುಂದಿನ ವರ್ಷದ ಹೊಸ ಹುಡುಗರನ್ನು ಎಲ್ಲರಿಗಿಂತ ಮೊದಲು ಆರಿಸಿಕೊಳ್ಳುವ ಅವಕಾಶ. ನಾನು ಕನ್ನಡದಲ್ಲಿ ಹೇಳಿದ್ದನ್ನು ಅವ್ವ ಎರಡು ಸಲ ಹೇಳಿಸಿಕೊಂಡಳು.

"ಸೋತವರಿಗೆ ಮೊದ್ಲು? ಖರೇನ? ಯಾವ ಪುಣ್ಯಾತ್ಮ ಮಾಡ್ಯಾನವಾ ಈ ನಿಯಮ!"

"ಪುಣ್ಯ ಅಲ್ಲ, ಟಿಕೆಟ್ ಮಾರಾಟ," ಎಂದರು ಅಂಗಡಿಯವರು.

"ಇರಲಿ ಭಾಯಿ. ಹಕ್ಕಿಯವರು ಇರ್ತಾರ. ಅವ್ರ ಪಾಳಿ ಬರೋದೈತಿ."

ಅವಳ ಪಾಳಿಯೂ ಬರುವುದಿತ್ತು. ಕಿಡ್ನಿ ಕಸಿಯ ಪಟ್ಟಿಯಲ್ಲಿ ಅವಳಿದ್ದಳು, ಅಂಗಡಿಯವರೂ ಇದ್ದರು. ಇಬ್ಬರ ಫೋನೂ ಸದಾ ಚಾರ್ಜ್ ಆಗಿರುತ್ತಿತ್ತು. ಅವರದು ಎದೆಯ ಮೇಲೆ, ಅವಳದು ಕಾರ್ಡಿಗನ್ನಿನ ಜೇಬಿನಲ್ಲಿ. ಯಾವ ಹೊತ್ತಿನಲ್ಲಾದರೂ ಕರೆ ಬರಬಹುದು, ಕೂಡಲೇ ಹೊರಡಬೇಕು. ಯಾರದಾದರೂ ಫೋನ್ ರಿಂಗಾದರೆ ಇಬ್ಬರೂ ಒಟ್ಟಿಗೆ ಕೆಳಗೆ ನೋಡುತ್ತಿದ್ದರು. ಬಹುತೇಕ ಅದು ವಿಮೆ ಮಾರುವವರ ಕರೆಯಾಗಿರುತ್ತಿತ್ತು.

ಆ ಚಳಿಗಾಲದ ನಡುವೆ ದೊಡ್ಡಾಸ್ಪತ್ರೆಯಿಂದ ಕರೆ ಬಂತು. ಕಿಡ್ನಿಗಲ್ಲ, ಮಾತಿಗೆ. ಡಾಕ್ಟರ್ ನನಗಿಂತ ಚಿಕ್ಕವಳು, ಒಳ್ಳೆಯವಳು. ಹೃದಯದ ಸ್ಕ್ಯಾನ್ ಚೆನ್ನಾಗಿ ಬಂದಿಲ್ಲ ಎಂದಳು. ಆಪರೇಷನ್ ಟೇಬಲ್ಲಿನ ಮೇಲೆಯೇ ಏನಾದರೂ ಆಗಬಹುದು. ಸಿಗುವ ಕಿಡ್ನಿಗಳು ಕಡಿಮೆ, ಅವು ಹೆಚ್ಚು ಕಾಲ ಉಳಿಯುವ ಕಡೆಗೆ ಹೋಗಬೇಕು. ನಾವೆಲ್ಲ ಕೂತು ಚರ್ಚೆ ಮಾಡಿದೆವು, ನಿಮ್ಮ ತಾಯಿಯ ಹೆಸರನ್ನು ಪಟ್ಟಿಯಿಂದ ತೆಗೆಯುತ್ತಿದ್ದೇವೆ.

ನಾನು ಇದನ್ನು ಕನ್ನಡದಲ್ಲಿ ಏನೆಂದು ಹೇಳಿದೆನೋ ನೆನಪಿಲ್ಲ. ಡಾಕ್ಟರ್ ಹೇಳಿದ ಇಂಗ್ಲಿಷ್ ವಾಕ್ಯಗಳು ಹಾಗೇ ನಿಂತಿವೆ, ನನ್ನವು ಹೋಗಿವೆ. ಅವ್ವ ಅಂದದ್ದು ಮಾತ್ರ ಇದೆ.

"ಹಂಗಂದ್ರ ಇಲ್ಲಿ ಇಂಗ್ಲೆಂಡಿನ ನಿಯಮ ಅನ್ನು. ತಳಕ್ಕಿದ್ದವರು ಕೆಳಗ."

ಆಮೇಲೆ ಸೆರಗು ಸರಿಮಾಡಿಕೊಂಡು, "ಕೇಳು ಆಕೀನ, ಅವ್ರೆಲ್ಲಾ ಕುಂತು ಮಾತಾಡೋವಾಗ ನನ್ನ ಪರವಾಗಿ ಯಾರು ಮಾತಾಡಿದ್ರು ಅಂತ."

ಕೇಳಿದೆ. ಡಾಕ್ಟರ್ ಏನೆಂದಳು ಎಂಬಲ್ಲಿ ನನ್ನ ನೆನಪು ಎರಡಾಗಿದೆ. ಒಂದರಲ್ಲಿ ಅವಳು ಕಣ್ಣಿಗೆ ಕಣ್ಣಿಟ್ಟು "ನಾನು" ಅನ್ನುತ್ತಾಳೆ. ಇನ್ನೊಂದರಲ್ಲಿ ಪೆನ್ನಿನ ಮುಚ್ಚಳ ಹಾಕುತ್ತಾಳೆ, ತೆಗೆಯುತ್ತಾಳೆ, ಮತ್ತೆ ಹಾಕುತ್ತಾಳೆ. ಮೊದಲನೆಯದು ನನಗೆ ಬೇಕಾದದ್ದು, ಆದ್ದರಿಂದ ಅದನ್ನು ನಂಬುವುದಿಲ್ಲ. ಎರಡನೆಯದು ಬರವಣಿಗೆಗೆ ಬೇಕಾದದ್ದು, ಅದನ್ನೂ ನಂಬುವುದಿಲ್ಲ. ಒಂದು ದಿನ ಕಾರಿನಲ್ಲಿ ಅವ್ವನನ್ನೇ ಕೇಳಿದೆ.

"ನನ್ನ ಕೇಳ್ತಿಯಲ್ಲ? ಆಕಿ ಏನಂದ್ಲು ಅಂತ ನನಗ ಹೇಳಬೇಕಾದಾಕಿ ನೀನು," ಎಂದು ಕಿಟಕಿಯ ಕಡೆ ತಿರುಗಿದಳು.

ಆಸ್ಪತ್ರೆಗೆ ಹೋಗಿಬಂದ ಮೇಲಿನ ಸೋಮವಾರ ಅವ್ವ ಫೋನನ್ನು ಅಡಿಗೆಮನೆಯ ಕಟ್ಟೆಯ ಮೇಲೆ ಬಿಟ್ಟು ಬಂದಳು. ಮರೆತಳೇನೋ ಎಂದು ನಾನು ತರಲು ಹೋದರೆ, "ಇರಲಿ ಬಿಡು, ಭಾರ," ಎಂದಳು.

ನಾವು ಹೋಗುವ ಮುಂಚೆ ಸುದ್ದಿ ಡಯಾಲಿಸಿಸ್ ಕೇಂದ್ರಕ್ಕೆ ಹೋಗಿತ್ತು. ನರ್ಸ್ ಸೂಜಿ ಚುಚ್ಚುವಾಗ ಎಂದಿಗಿಂತ ಹೆಚ್ಚು ಸಲ ಸಾರಿ ಅಂದಳು. ಟಿವಿಯಲ್ಲಿ ಫುಟ್‌ಬಾಲ್ ಇರಲಿಲ್ಲ. ಯಾರೋ ದಂಪತಿ ಹಳ್ಳಿಗಾಡಿನಲ್ಲಿ ಮನೆ ಕೊಳ್ಳಲು ಹೊರಟಿದ್ದರು. ಡ್ರೈವರ್ ಕಣ್ಣು ಮುಚ್ಚಿ ನಿದ್ದೆಯ ನಟನೆ ಮಾಡುತ್ತಿದ್ದರು. ಅಂಗಡಿಯವರು ತಮ್ಮ ಫೋನನ್ನು ಎದೆಯಿಂದ ತೆಗೆದು ಕಂಬಳಿಯೊಳಗೆ ಸರಿಸಿದರು.

ಅವ್ವ ಸ್ವಲ್ಪ ಹೊತ್ತು ಆ ಮನೆಗಳನ್ನು ನೋಡಿದಳು. "ಯಾರ ಮನಿ ಇವು? ಇವ್ರ ಅಡಿಗಿಮನಿ ತಗೊಂಡು ನಾ ಏನ್ ಮಾಡ್ಲಿ? ಆಟ ಹಚ್ಚಾಕ ಹೇಳು."

ನರ್ಸ್ ಚಾನೆಲ್ ಬದಲಿಸಿದಳು. "ಇವತ್ತು ಭಾಯಿ ಪಾಳಿ," ಎಂದಳು ಅವ್ವ.

"ಇವತ್ತು ಬೇಡ, ಬೆಹೆನ್. ಮುಂದಿನ ವಾರ."

"ಯಾಕ? ನಾ ಸತ್ತಿಲ್ಲ. ಯಾರನ್ನ ತಗೀಬೇಕಂತ ಇದ್ರಿ, ಹೇಳ್ರಿ."

ಅವರು ಯಾರನ್ನು ತೆಗೆಯಬೇಕೆಂದಿದ್ದರು ಎಂದು ಎಲ್ಲರಿಗೂ ಗೊತ್ತಿತ್ತು. ಕೊನೆಗೆ ಹಕ್ಕಿಯವರು ಎಂದರು. ಕಾರಣ ಕೊಡಿ ಎಂದಳು. ಕೊಟ್ಟರು, ಟಿವಿಯನ್ನೇ ನೋಡುತ್ತ: ವರ್ಷ ವರ್ಷ ಮೊದಲು ಆರಿಸುವ ಅವಕಾಶ ಸಿಕ್ಕಿದೆ, ಒಳ್ಳೊಳ್ಳೆಯ ಹುಡುಗರು ಸಿಕ್ಕಿದ್ದಾರೆ, ಅವರನ್ನೂ ಹಾಳುಮಾಡಿದ್ದಾರೆ. ಬೇರೆ ಕಡೆ ಹೋಗಿದ್ದರೆ ಆ ಹುಡುಗರು ಉಳಿಯುತ್ತಿದ್ದರು.

ಪರವಾಗಿ ಅವ್ವ ಮಾತಾಡಿದಳು, ಕನ್ನಡದಲ್ಲಿ, ನನ್ನ ಕಡೆ ತಿರುಗಿ. ಅವಳು ಸಣ್ಣದಾಗಿ ಹೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಉದ್ದ ಮಾಡಿದೆ. ಸೋತವರು ಇಲ್ಲದಿದ್ದರೆ ಗೆದ್ದವರು ಯಾರನ್ನು ಗೆಲ್ಲುತ್ತಾರೆ, ಅಷ್ಟು ಸೋತರೂ ವಾರವಾರ ಬಟ್ಟೆ ಹಾಕಿಕೊಂಡು ಬರುತ್ತಾರಲ್ಲ. ಇನ್ನೂ ಏನೇನೋ. ನಿಲ್ಲಿಸಲು ಆಗಲಿಲ್ಲ. ಅವ್ವ ನನ್ನ ತೋಳು ಮುಟ್ಟಿ, "ನಾ ಇಷ್ಟೆಲ್ಲಾ ಅಂದಿಲ್ಲ," ಎಂದಳು.

ಓಟು ಡ್ರೈವರ ಮೇಲೆ ನಿಂತಿತು. ಅವರು ಅವ್ವನ ಮುಖ ನೋಡಿ ಬಾಯಿ ತೆರೆಯುತ್ತಿದ್ದಂತೆಯೇ ಅವ್ವ ತನ್ನ ಸ್ಯಾಂಡ್‌ವಿಚ್ ಇಂಗ್ಲಿಷಿನಲ್ಲಿ ತಾನೇ ಹೇಳಿದಳು, ಅಯ್ಯೋ ಪಾಪ ಅನ್ನೋ ಓಟು ನಡೆಯೋದಿಲ್ಲ ಎಂದು. ಅವರು ಗಲ್ಲ ಕೆರೆದುಕೊಂಡರು.

"ನಾನು ಓಡಿಸುತ್ತಿದ್ದ ಒಂದು ರೂಟಿತ್ತು, ಸಿಸ್ಟರ್. ಕೊನೆಗೊನೆಗೆ ಖಾಲಿ ಬಸ್ಸು, ಬೀದಿದೀಪ, ನಾನು. ನನಗೆ ಅದರ ಮೇಲೆ ಪ್ರಾಣ. ಅದನ್ನು ನಿಲ್ಲಿಸಿದರು. ನಿಲ್ಲಿಸಿದ್ದು ಸರಿಯಾಗಿತ್ತು." ಟಿವಿಯ ಕಡೆ ತಿರುಗಿ, "ಹೊರಗೆ," ಎಂದರು.

"ಆತು," ಎಂದಳು ಅವ್ವ.

ಯಂತ್ರಗಳ ಚಕ್ರ ತಿರುಗುತ್ತಿತ್ತು, ರಕ್ತ ಹೋಗುತ್ತಿತ್ತು, ಬರುತ್ತಿತ್ತು. ಟಿವಿಯಲ್ಲಿ ಒಂದು ಆಟ ಮುಗಿದು ಇನ್ನೊಂದು ಹಚ್ಚಿದರು. ಬಿಳಿ ಗೆರೆಗಳ ಹಸಿರು ಮೈದಾನಕ್ಕೆ ಗುಂಪಾಗಿ ಓಡಿಬಂದವರ ಹೆಲ್ಮೆಟ್ಟಿನ ಮೇಲೆ ಹಕ್ಕಿಯಿತ್ತು. ಯಾವ ಹಕ್ಕಿಯೋ.

ಅವ್ವ ಕಂಬಳಿಯನ್ನು ಗಲ್ಲದವರೆಗೆ ಎಳೆದುಕೊಂಡಳು. ಡಯಾಲಿಸಿಸ್ಸಿನ ಎರಡನೇ ತಾಸಿಗೆ ಅವಳಿಗೆ ಯಾವಾಗಲೂ ಚಳಿ.

"ನೋಡವಾ," ಎಂದಳು. "ಹೆಂಗ ಓಡಾಕತ್ತಾರ. ಅವ್ರಿಗೆ ಇನ್ನೂ ಯಾರೂ ಹೇಳಿಲ್ಲ."