ಎಲ್ಲಾಕಡೆಯ ಆಪ್

ಅವನಿಗೆ ಇಟ್ಟ ಹೆಸರು ಹೆತ್ತಮ್ಮನಿಗೂ ಮರೆತಂತಿದೆ. ಎಲ್ಲರ ಬಾಯಲ್ಲೂ ಅವನು ‘ಎಲ್ಲಾಕಡೆ’. ಆಪ್ ಬರೆಯುವುದು ಅವನ ಕಸುಬು. ಯಾರು ಸಿಕ್ಕರೂ ಒಂದೇ ಜಪ: “ನಂದು ಒಂದ್ಸಲ ಬರೆದ್ರೆ ಮುಗೀತು. ವಿಂಡೋಸು, ಲಿನಕ್ಸು, ಎಲ್ಲಾ ಕಡೆ ಓಡುತ್ತೆ!”

ಎಲ್ಲಾ ಕಡೆ ಅಂದರೆ ಅವನ ಮಂಚದ ಮೇಲಿನ ಲ್ಯಾಪ್‌ಟಾಪ್. ಕಂಪ್ಯೂಟರ್ ನಡೆಸುವ ವ್ಯವಸ್ಥೆಗಳೆರಡೂ, ವಿಂಡೋಸ್ ಅದರಲ್ಲೇ, ಲಿನಕ್ಸೂ ಅದರಲ್ಲೇ. ಇನ್ನೊಬ್ಬರ ಯಂತ್ರದಲ್ಲಿ ಹಾಕಿ ನೋಡುವುದು ತನ್ನ ಮೇಲೆ ನಂಬಿಕೆ ಇಲ್ಲದವರ ಕೆಲಸ ಎಂಬುದು ಅವನ ಸಿದ್ಧಾಂತ.

ಈ ಜಪಕ್ಕೆ ಮರುಳಾದವಳು ಗ್ರಂಥಾಲಯ ನೋಡಿಕೊಳ್ಳುವ ಸೋದರತ್ತೆ. ಪುಸ್ತಕ ಎರವಲು ಕೊಡುವ ಆಪ್ ಬರೆಯಲು ಅವನಿಗೇ ಹೇಳಿದಳು. “ಎಲ್ಲಾ ಕಡೆ ಓಡುತ್ತೆ ಸರ್. ನನ್ನ ಅಳಿಯ, ನನ್ನ ಜವಾಬ್ದಾರಿ” ಎಂದು ಮೇಲಧಿಕಾರಿಗೆ ಮಾತೂ ಕೊಟ್ಟಳು. ಕೆಟ್ಟರೆ ಹೋಗುವುದು ಅವಳ ಮಾನ.

ಆರಂಭದ ದಿನ ಅಧಿಕಾರಿ ಬಂದು ನಿಂತರು. ಓದುಗರ ಸಾಲು ಬಾಗಿಲು ದಾಟಿತ್ತು. ಅಲ್ಲಿನ ಕಂಪ್ಯೂಟರುಗಳೆಲ್ಲ ಲಿನಕ್ಸ್. ಎಲ್ಲಾಕಡೆ ಠೀವಿಯಿಂದ ಒತ್ತಿದ. ಆಪ್ ಒಮ್ಮೆ ಕಣ್ಣು ಮಿಟುಕಿಸಿ ಮಾಯವಾಯಿತು.

“ಮೌಸ್ ಸರಿ ಇಲ್ಲ ಅತ್ತೆ.”

ಮೌಸ್ ಬದಲಾಯಿತು.

“ಟೇಬಲ್ ಅಲ್ಲಾಡ್ತಿದೆ.”

“ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ. ಮುಂದೆ ಗೋಡೆ ಬಣ್ಣ ಸರಿ ಇಲ್ಲ ಅಂತೀಯಾ?” ಅತ್ತೆ ಹಲ್ಲು ಕಚ್ಚಿದಳು.

ಕೊನೆಗೆ, ಪರದೆಯ ಮೇಲೆ ಮೊದಲಿನಿಂದಲೂ ಕಾಣುತ್ತಿದ್ದ ತಪ್ಪಿನ ಸಂದೇಶವನ್ನು ಓದುವ ದೊಡ್ಡ ಮನಸ್ಸು ಮಾಡಿದ. ಲಿನಕ್ಸ್‌ನಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ಅವನ ಹೆಸರಿನದೇ ಒಂದು ಫೋಲ್ಡರ್; ಬೇರೆಯವರಿಗೆ ಅದರೊಳಗೆ ಪ್ರವೇಶವಿಲ್ಲ. ಮಹಾಶಯ ಪುಸ್ತಕಗಳ ಫೈಲನ್ನು ತನ್ನ ಫೋಲ್ಡರಿನಲ್ಲಿಟ್ಟು, ಅದೇ ವಿಳಾಸವನ್ನು ಆಪಿನೊಳಗೆ ಕೊರೆದುಬಿಟ್ಟಿದ್ದ. ಪರರ ಮನೆಯಲ್ಲಿ ಆಪ್ ಅವನ ಮನೆ ಹುಡುಕುತ್ತಿತ್ತು.

ತಿದ್ದಬಹುದಿತ್ತು. ಆದರೆ ತಿದ್ದಿದರೆ ತಪ್ಪು ಒಪ್ಪಿದಂತೆ. ಅದಕ್ಕೇ ಕಂಪ್ಯೂಟರಿಗೊಂದರಂತೆ ತನ್ನ ಹೆಸರಿನ ಖಾತೆ ತೆರೆದು ಫೈಲನ್ನು ಅಲ್ಲಿ ತುಂಬಿದ. ಆಪ್ ಓಡಿತು! ಚಪ್ಪಾಳೆ. ಎಲ್ಲಾಕಡೆ ಕಾಲರ್ ಎತ್ತಿದ.

ಅತ್ತೆ ತನ್ನ ಖಾತೆಯಿಂದ ಒತ್ತಿದಳು. ಮಾಯ.

“ನನ್ನ ಹೆಸರಲ್ಲಿ ಬಂದ್ರೆ ಮಾತ್ರ ಅತ್ತೆ...”

ಅಧಿಕಾರಿ ಕನ್ನಡಕ ಇಳಿಸಿದರು. “ಏನಮ್ಮ, ಎಲ್ಲಾ ಕಡೆ ಓಡುತ್ತೆ ಅಂದಿದ್ರಿ?”

“ಓಡುತ್ತೆ ಸರ್, ಇವ್ನು ಕೂತಿರೋ ಕಡೆಯೆಲ್ಲ,” ಎನ್ನುತ್ತ ಅತ್ತೆ ಬೀರುವಿನಿಂದ ಎರವಲು ಬರೆದಿಡುವ ಹಳೆಯ ಕಾರ್ಡುಗಳ ಪೆಟ್ಟಿಗೆ ತಂದು ಅಳಿಯನ ಮುಂದೆ ಕುಕ್ಕಿದಳು. “ಅದಕ್ಕೇ ಇವ್ನನ್ನೂ ಜೊತೆಗೇ ಇಟ್ಕೊಂಡಿದೀನಿ. ಕೂತ್ಕೊಳೋ! ಅದು ನನ್ನ ಹೆಸರಲ್ಲಿ ಓಡೋವರೆಗೂ ಪುಸ್ತಕ ಕೊಡೋನು ನೀನೇ.”

ಸಾಲು ಮುಂದೆ ಸರಿಯಿತು. ಎಲ್ಲಾಕಡೆ ಎಲ್ಲಿಗೂ ಹೋಗಲಿಲ್ಲ.